ದೀರ್ಘವಾದ ಕಳವಳವೂ ಮನೆಯವರ ಕರ್ತವ್ಯವೂ

ಪರೀಕ್ಷೆಯ ಕಾಲವು ಸಮೀಪಿಸಿತೆಂದರೆ ಕೆಲವರು ಹೆಣ್ಣುಮಕ್ಕಳಿಗೆ ಇದ್ದಕ್ಕಿದ್ದಂತೆ ಎದೆ ಡವಗುಟ್ಟುವುದು, ಉಸಿರು ಸಾಲದಂತಾಗುವುದು, ಕೈಕಾಲು ಜುಮ್ಮೆನ್ನುವುದು, ಈಗಲೇ ಪ್ರಾಣ ಹೋದೀತೆಂಬ ಭಯವು ಆವರಿಸುವುದು ಉಂಟು. ಗುಬ್ಬಿಯಿಂದ ರೈಲಿನಲ್ಲಿಯೂ ಕುಣಿಗಲಿನಿಂದ ಬಸ್ಸಿನಲ್ಲಿಯೂ ತುಮಕೂರಿಗೆ ಓದಬರುವವರಿಗೆ ಇದು ದಾರಿಯಲ್ಲಿಯೇ ತಲೆದೋರಬಹುದು. ಮನೆಯಲ್ಲಿ ಒಬ್ಬರು ದೃಷ್ಟಿ ತಾಗಿತೆನ್ನುವರು. ಇನ್ನೊಬ್ಬರು ಓದದಿರಲು ನೆವವೆನ್ನುವರು. ಇದು ಎರಡೂ ಅಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಸ್ವತಃ ತಾಯಂದಿರಾಗಿರುವುದರಿಂದ ಈ ವಿಷಯವನ್ನು ಇಲ್ಲಿ ವಿವರಿಸಬಯಸುತ್ತೇವೆ.

ಅಪಾಯ ಎದುರಾದಾಗ ಓಡಲು ಅಥವಾ ಹೋರಾಡಲು ದೇಹವು ತಾನಾಗಿ ಸಿದ್ಧವಾಗುವುದು. ಅಡ್ರಿನಲಿನ್ ಎಂಬ ರಸವು ರಕ್ತದಲ್ಲಿ ಸೇರಿ ಹೃದಯದ ಬಡಿತವನ್ನೂ ಉಸಿರಿನ ವೇಗವನ್ನೂ ಹೆಚ್ಚಿಸುವುದು. ಅಪಾಯವಿಲ್ಲದೆಯೇ ಈ ಸಿದ್ಧತೆ ನಡೆದುಬಿಟ್ಟರೆ ಅದನ್ನು ವೈದ್ಯರು ಪ್ಯಾನಿಕ್ ಎನ್ನುವರು. ಅತಿವೇಗವಾಗಿ ಉಸಿರಾಡುವುದರಿಂದ ರಕ್ತದಲ್ಲಿನ ಇಂಗಾಲಾಮ್ಲವಾಯುವು ಕಡಮೆಯಾಗುವುದು. ತಲೆ ತಿರುಗುವುದೂ ಬೆರಳು ಜುಮ್ಮೆನ್ನುವುದೂ ಇದರಿಂದಲೇ. ಸಾಮಾನ್ಯವಾಗಿ ಈ ಉಲ್ಬಣವು ೧೦ ನಿಮಿಷಗಳೊಳಗೆ ತುತ್ತತುದಿಗೇರಿ, ಅರ್ಧ ಗಂಟೆಯ ಹೊತ್ತಿಗೆ ಇಳಿಯುವುದು.

ಹಾಗಾದರೆ ಕೆಲವರಿಗೆ ಇದು ಗಂಟೆಗಟ್ಟಲೆ ಇರುವುದೇಕೆ? ಒಂದು ಅಲೆ ಇಳಿಯುವಷ್ಟರಲ್ಲಿ ‘ಮತ್ತೆ ಬಂದೀತೋ’ ಎಂಬ ಭಯವೇ ಮತ್ತೊಂದು ಅಲೆಯನ್ನೆಬ್ಬಿಸುವುದು. ಹುಡುಗಿಯು ತನ್ನ ನಾಡಿಯನ್ನೇ ಎಣಿಸುತ್ತ ಕುಳಿತಷ್ಟೂ ಕಳವಳ ಬೆಳೆಯುವುದು.

ಇಲ್ಲಿಯೇ ಮನೆಯವರ ಅಕ್ಕರೆಯು ಅರಿಯದೆ ಕೆಡುಕು ಮಾಡುವುದುಂಟು. ‘ನಾಲ್ಕು ದಿನ ಶಾಲೆ ಬೇಡ, ಮಗು’ ಎನ್ನುವರು. ಆ ದಿನ ಹುಡುಗಿಗೆ ಹಾಯೆನಿಸುವುದು ನಿಜ. ಆದರೆ ಶಾಲೆ ಬಿಟ್ಟದ್ದರಿಂದಲೇ ಬದುಕಿದೆನೆಂದು ಮನಸ್ಸು ನಂಬಿಬಿಡುವುದು. ನಾಲ್ಕು ದಿನ ನಾಲ್ಕು ವಾರವಾಗುವುದು. ಬಸ್ಸು ಹತ್ತುವುದೇ ಪರ್ವತವಾಗುವುದು. ಕಡೆಗೆ ವಿದ್ಯೆಯೇ ನಿಂತುಹೋಗಿ ವಿವಾಹದ ಮಾತು ಆರಂಭವಾಗುವುದು. ಕೆಲವು ನಿಮಿಷಗಳ ಭಯಕ್ಕೆ ಜೀವಮಾನದ ಬೆಲೆ ತೆರುವುದು ನ್ಯಾಯವೆ?

ಉಲ್ಬಣದ ಸಮಯದಲ್ಲಿ ಬಯ್ಯಕೂಡದು, ಸುತ್ತಲೂ ಗುಂಪುಗೂಡಕೂಡದು. ಒಬ್ಬರು ಪಕ್ಕದಲ್ಲಿ ಕುಳಿತು, ‘ಇದು ಭಯದ ಅಲೆ, ಇಳಿದುಹೋಗುತ್ತದೆ, ನಾನಿಲ್ಲಿಯೇ ಇದ್ದೇನೆ’ ಎಂದು ಮೆಲ್ಲನೆ ಹೇಳಬೇಕು. ನಾಲ್ಕು ಎಣಿಸುವವರೆಗೆ ಉಸಿರೆಳೆದು, ಆರು ಎಣಿಸುವವರೆಗೆ ನಿಧಾನವಾಗಿ ಬಿಡಿಸಬೇಕು. ಕಾಗದದ ಚೀಲದೊಳಗೆ ಉಸಿರಾಡಿಸುವ ಹಳೆಯ ಪದ್ಧತಿಯು ಅಪಾಯಕರವಾದುದರಿಂದ ಅದು ಸಲ್ಲದು. ಅಲೆ ಇಳಿದ ಬಳಿಕ, ಮಾಡುತ್ತಿದ್ದ ಕೆಲಸಕ್ಕೆ ಮರಳುವುದು ಲೇಸು.

ಮನೆಯಲ್ಲಿಯೇ ಉಳಿದುಬಿಟ್ಟಿರುವ ಹುಡುಗಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಕರೆತರಬೇಕು: ಮೊದಲು ತಾಯಿಯೊಡನೆ ನಿಲ್ದಾಣದವರೆಗೆ, ಆಮೇಲೆ ಒಂದು ನಿಲುಗಡೆಯವರೆಗೆ, ಅನಂತರ ಗೆಳತಿಯೊಡನೆ ಶಾಲೆಯವರೆಗೆ. ಪ್ರತಿ ಮೆಟ್ಟಿಲಿನಲ್ಲಿಯೂ ಭಯವು ತಾನಾಗಿ ಇಳಿಯುವವರೆಗೆ ನಿಲ್ಲುವುದೇ ಇದರ ಗುಟ್ಟು. ನಿದ್ರೆಗೆಟ್ಟು ಓದುವುದನ್ನೂ ಮೇಲಿಂದ ಮೇಲೆ ಕಾಫಿ ಕುಡಿಯುವುದನ್ನೂ ತಪ್ಪಿಸಬೇಕು.

ಮೊದಲ ಸಲ ಹೀಗಾದಾಗ ವೈದ್ಯರಿಗೆ ತೋರಿಸುವುದು ಅವಶ್ಯಕ. ಏಕೆಂದರೆ ರಕ್ತಹೀನತೆ, ಥೈರಾಯ್ಡ್ ದೋಷ, ಉಬ್ಬಸಗಳೂ ಇದೇ ವೇಷದಲ್ಲಿ ಬರಬಹುದು. ಉಲ್ಬಣಗಳು ಮರುಕಳಿಸುತ್ತಿದ್ದರೆ ಮನೋವೈದ್ಯರ ಚಿಕಿತ್ಸೆಯುಂಟು. ಮಾತಿನ ಮೂಲಕ ಆಲೋಚನೆಯನ್ನು ತಿದ್ದುವ ವಿಧಾನವೂ ಔಷಧವೂ ಗುಣಕಾರಿಯೆ. ಔಷಧದ ಫಲ ಕಾಣಲು ಕೆಲವು ವಾರಗಳು ಬೇಕಾಗುವುದರಿಂದ ನಡುವೆ ಬಿಡಕೂಡದು. ನಿದ್ರೆಯ ಮಾತ್ರೆಗಳನ್ನು ತಾವಾಗಿಯೇ ಕೊಂಡು ಕೊಡಲೂ ಕೂಡದು.

ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರ ಸೇವೆ ದೊರೆಯಲೆಂದು ನಮ್ಮ ರಾಜ್ಯದಲ್ಲಿ ೨೦೧೪ರಲ್ಲಿ ಮನೋಚೈತನ್ಯ ಕಾರ್ಯಕ್ರಮವು ಆರಂಭವಾಯಿತು. ಗುಬ್ಬಿ, ಕುಣಿಗಲುಗಳವರು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿಯೂ ನಗರದವರು ಜಿಲ್ಲಾ ಆಸ್ಪತ್ರೆಯಲ್ಲಿಯೂ ವಿಚಾರಿಸಬಹುದು. ೨೦೨೨ನೆಯ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ ೧೪೪೧೬ ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹುಡುಗಿಯು ಬದುಕೇ ಬೇಡವೆಂದಳಾದರೆ ಅವಳನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಜ್ವರ ಬಂದ ಮಗುವನ್ನು ಯಾರೂ ಹಳಿಯುವುದಿಲ್ಲ. ಕಳವಳಗೊಂಡ ಮಗುವಿಗೂ ಅದೇ ನ್ಯಾಯ ಸಲ್ಲಬೇಕು. ಮಕ್ಕಳ ಭಯವನ್ನು ಹಳಿಯದಿರಿ, ಅದಕ್ಕೆ ಮಣಿಯಲೂ ಬೇಡಿರಿ. ಅವರ ಕೈಹಿಡಿದು ಜೊತೆಗೆ ನಡೆಯಿರಿ ಎಂಬುದೇ ನಮ್ಮ ಬಿನ್ನಹ.