ಸೋರಿಕೆಯ ಸುಳಿವು ಪ್ಲೇಟಿನ ಬೆನ್ನಲ್ಲಿ

ಬೆಂಗಳೂರಿನ ಸ್ಟೋಮಾ ಕ್ಲಿನಿಕ್ ಒಂದರಲ್ಲಿ ಕಂಡದ್ದು. ಸ್ಟೋಮಾ ಎಂದರೆ ಮಲ ಹೊರಬರಲು ಆಪರೇಷನ್ ಮಾಡಿ ಹೊಟ್ಟೆಯ ಮೇಲೆ ತೆರೆದ ಕರುಳಿನ ಬಾಯಿ. ಅದರ ಸುತ್ತ ಚರ್ಮಕ್ಕೆ ಅಂಟಿ ಬ್ಯಾಗನ್ನು ಹಿಡಿದಿಡುವುದು ಪ್ಲೇಟು. ಹಿರಿಯರೊಬ್ಬರ ಹೊಟ್ಟೆಯ ಮೇಲಿನ ಹಳೆಯ ಪ್ಲೇಟಿಗೆ ನರ್ಸ್ ಮೊದಲು ಪೆನ್ನಿನಲ್ಲಿ ಮೇಲ್ತುದಿ ಯಾವುದೆಂದು ಗುರುತು ಹಾಕಿದರು. ಆಮೇಲೆ ನಿಧಾನವಾಗಿ ಬಿಡಿಸಿದರು. ಎಸೆಯಲಿಲ್ಲ, ಮಗುಚಿ ಬೆಳಕಿಗೆ ಹಿಡಿದರು. ಅಂಟಿನ ವೃತ್ತ ಉಳಿದೆಡೆ ಗಟ್ಟಿಯಾಗಿಯೇ ಇತ್ತು. ಒಂದು ಕಡೆ ಮಾತ್ರ ಬೆಳ್ಳಗೆ ಉಬ್ಬಿ, ಕರಗಿ, ಅಂಚಿನವರೆಗೆ ದಾರಿ ಕೊರೆದಿತ್ತು. ಹಿರಿಯರನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರು, ಮುಂದಕ್ಕೆ ಬಾಗಿ ಎಂದರು. ಮಲಗಿದ್ದಾಗ ಇಲ್ಲದ ಒಂದು ಮಡಿಕೆ ಸ್ಟೋಮಾದ ಪಕ್ಕ, ಪ್ಲೇಟು ಕರಗಿದ್ದ ಜಾಗದಲ್ಲೇ ಮೂಡಿತು!

ತನ್ನ ಅಜಾಗ್ರತೆಯಿಂದಲೇ ಲೀಕ್ ಆಗುತ್ತಿದೆ ಎಂದು ನಂಬಿ ಮದುವೆ, ನಾಮಕರಣ ಎಲ್ಲ ಬಿಟ್ಟು ಮನೆ ಸೇರಿದ್ದವರು ಅವರು. ಅವರ ಕೈ ಶುದ್ಧವಾಗಿಯೇ ಇತ್ತು. ಪ್ಲೇಟನ್ನು ಮಲಗಿ ಅಂಟಿಸಿಕೊಳ್ಳುತ್ತಿದ್ದರು, ದಿನವಿಡೀ ಕೂತಿರುತ್ತಿದ್ದರು, ಅಷ್ಟೆ. ಮಡಿಕೆಗೆ ತೆಳುವಾದ ಒಂದು ಸೀಲ್ ರಿಂಗ್ ಕೂರಿಸಿ, ಹೊಟ್ಟೆಯನ್ನು ನೇರ ಮಾಡಿಸಿ ಹೊಸ ಪ್ಲೇಟು ಹಚ್ಚಿದರು. ಬೆಚ್ಚಗಿನ ಅಂಗೈಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಲು ಹೇಳಿದರು. ಅಂಟು ಕಚ್ಚುವುದು ಮೈಯ ಬಿಸಿಗೆ.

ಪ್ಲೇಟಿನಡಿ ಬಳಿಯುವ ಪೇಸ್ಟ್ ವಿಷಯದಲ್ಲಿ ನನಗೆ ಮೊದಲಿಂದಲೂ ಅನುಮಾನ. ಲೀಕ್ ಆದಷ್ಟೂ ಹೆಚ್ಚು ಬಳಿಯುವವರಿದ್ದಾರೆ. ಅದು ಅಂಟೇ ಅಲ್ಲ, ಬಿರುಕು ತುಂಬುವ ಗಾರೆ. ದಪ್ಪಗೆ ಬಳಿದರೆ ಪ್ಲೇಟನ್ನು ಚರ್ಮದಿಂದ ದೂರವೇ ಇಡುತ್ತದೆ. ಅದಕ್ಕಿಂತ ಪ್ಲೇಟಿನ ರಂಧ್ರದ ಅಳತೆ ನೋಡುವುದು ಲೇಸು. ಸ್ಟೋಮಾಕ್ಕಿಂತ ಎರಡು-ಮೂರು ಮಿಲಿಮೀಟರ್ ದೊಡ್ಡದಿದ್ದರೆ ಸಾಕು. ಆಪರೇಷನ್ನಿನ ಬಳಿಕ 6ರಿಂದ 8 ವಾರ ಸ್ಟೋಮಾ ಕುಗ್ಗುತ್ತಲೇ ಇರುತ್ತದೆ. ಆಸ್ಪತ್ರೆಯಲ್ಲಿ ಕೊಟ್ಟ ಅಳತೆಯಲ್ಲೇ ಕತ್ತರಿಸುತ್ತಾ ಹೋದರೆ ಸುತ್ತ ಚರ್ಮ ಬರಿದಾಗಿ ಉಳಿಯುತ್ತದೆ. ಇಲಿಯಾಸ್ಟಮಿ, ಅಂದರೆ ಸಣ್ಣ ಕರುಳಿನ ಸ್ಟೋಮಾ, ಇರುವವರಿಗೆ ಇದು ಇನ್ನೂ ಕಷ್ಟ. ಸಣ್ಣ ಕರುಳಿನ ದ್ರವದಲ್ಲಿರುವ ಜೀರ್ಣಕಿಣ್ವಗಳು ಚರ್ಮವನ್ನೂ ಸುಡುತ್ತವೆ. ಸುಟ್ಟ ಚರ್ಮ ಒಸರುತ್ತದೆ, ಒಸರುವ ಚರ್ಮಕ್ಕೆ ಯಾವ ಪ್ಲೇಟೂ ಅಂಟದು.

ಈ ಪ್ಲೇಟಿನ ಪೂರ್ವಿಕ ನಮ್ಮ ಕಾಡಿನದೆಂದು ತಿಳಿದಾಗಿನಿಂದ ನನಗೆ ಅದರ ಮೇಲೆ ವಿಶೇಷ ಮಮತೆ. ಡೆನ್ಮಾರ್ಕಿನ ನರ್ಸ್ ಎಲಿಸೆ ಸೋರೆನ್ಸನ್ ತನ್ನ ತಂಗಿಗಾಗಿ ಅಂಟುವ ಚೀಲ ಯೋಚಿಸಿದ್ದು 1954ರಲ್ಲಿ. ಅದಕ್ಕೂ ಎರಡು ವರ್ಷ ಮೊದಲೇ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸರ್ಜನ್ ರೂಪರ್ಟ್ ಟರ್ನ್‌ಬುಲ್ ಸ್ಟೋಮಾದ ಸುತ್ತಲಿನ ಚರ್ಮಕ್ಕೆ ಕರಾಯ ಗೋಂದಿನ ಪುಡಿ ಹಚ್ಚಿ ನೋಡಿದ್ದರು. ಕಟ್ಟುಹಲ್ಲು ಅಂಟಿಸಲು ಬಳಸುತ್ತಿದ್ದ ಪುಡಿ ಅದು. ಒದ್ದೆ ಚರ್ಮಕ್ಕೂ ಕಚ್ಚುತ್ತದೆ, ನೀರು ಹೀರಿ ಉಬ್ಬುತ್ತದೆ. ಅದನ್ನು ಸುರಿಸುವ ಮರ ಸ್ಟರ್ಕ್ಯೂಲಿಯಾ ಯುರೆನ್ಸ್. ಒಣ ಕಲ್ಲುಗುಡ್ಡಗಳಲ್ಲಿ ಬಿಳಿಚಿದ ಕಾಗದದಂಥ ತೊಗಟೆ ಹೊದ್ದು ನಿಲ್ಲುವ ಮರ. ಆಂಧ್ರದ ನಲ್ಲಮಲದಲ್ಲಿ ಚೆಂಚು ಜನ ಅದರ ತೊಗಟೆ ಕೆತ್ತಿ ಗೋಂದು ಇಳಿಸುತ್ತಾರೆ. ಅವರು ಬಿಡಿಸಿದ ಅಂಟು ಸಮುದ್ರ ದಾಟಿ ಯಾರದೋ ಹೊಟ್ಟೆಯ ಚರ್ಮ ಕಾಯಿತು. 1958ರಲ್ಲಿ ಟರ್ನ್‌ಬುಲ್ ಕೆಲಸಕ್ಕೆ ಕರೆದ ನೋರ್ಮಾ ಗಿಲ್ ಸ್ವತಃ ಇಲಿಯಾಸ್ಟಮಿ ಆದವರು. ಇಂದಿನ ಸ್ಟೋಮಾ ನರ್ಸ್‌ಗಳ ಪರಂಪರೆ ಅವರಿಂದ ಶುರು. ಕರಾಯ ಬೇಗ ಕರಗುತ್ತಿತ್ತು. 1970ರ ದಶಕದಲ್ಲಿ ಪೆಕ್ಟಿನ್, ಜೆಲಾಟಿನ್ ಬೆರೆತ ಪ್ಲೇಟುಗಳು ಬಂದವು. ಆ ಮಿಶ್ರಣವೂ ಮೊದಲು ಬಾಯಿಹುಣ್ಣಿಗೆಂದು ತಯಾರಾದದ್ದು.

ಕ್ಲಿನಿಕ್ಕಿನಲ್ಲಿ ಕಲಿತ ಇನ್ನಷ್ಟು ಸಂಗತಿಗಳಿವೆ. ಚರ್ಮಕ್ಕೆ ಎಣ್ಣೆ, ಕ್ರೀಮು, ಕೆನೆಯುಳ್ಳ ಸೋಪು ಸೋಕಬಾರದು. ಬ್ಯಾಗ್ ಮೂರನೇ ಒಂದು ಭಾಗ ತುಂಬುವಷ್ಟರಲ್ಲಿ ಖಾಲಿ ಮಾಡಬೇಕು, ಭಾರಕ್ಕೆ ಪ್ಲೇಟು ಜಗ್ಗುತ್ತದೆ. ಬದಲಿಸುವುದಾದರೆ ಬೆಳಿಗ್ಗೆ, ತಿಂಡಿಗೆ ಮೊದಲು. ಆಗ ಕರುಳು ಶಾಂತ. ಅಡಿಯಲ್ಲಿ ತುರಿಕೆ, ಉರಿ ಶುರುವಾದರೆ ಒಳಗೆ ಸೋರಿಕೆ ಹೊರಟಿದೆ ಎಂದೇ ತಿಳಿಯಬೇಕು. ಮೇಲೆ ಟೇಪ್ ಸುತ್ತಿ ಇನ್ನೊಂದು ದಿನ ದೂಡಿದರೆ ಚರ್ಮ ಹೋಯಿತು. ಬ್ಯಾಗ್ ದುಬಾರಿ ಎಂದು ಹಾಗೆ ದೂಡುವವರನ್ನು ದೂರಲಾರೆ, ಆದರೆ ಹುಣ್ಣಾದ ಚರ್ಮದ ಮೇಲೆ ಪ್ಲೇಟು ಒಂದು ದಿನವೂ ನಿಲ್ಲದೆ ಖರ್ಚು ಇನ್ನೂ ಏರುತ್ತದೆ.

ಮುಂಚಿತವಾಗಿ ಗೊತ್ತಿರುವ ಆಪರೇಷನ್ ಆದರೆ ಸ್ಟೋಮಾ ಎಲ್ಲಿ ಬರಬೇಕೆಂದು ಮೊದಲೇ ಗುರುತು ಹಾಕಿಸಿಕೊಳ್ಳುವುದು ರೋಗಿಯ ಹಕ್ಕು. ಮಲಗಿಸಿ, ಕೂರಿಸಿ, ನಿಲ್ಲಿಸಿ, ಬಾಗಿಸಿ ನೋಡಿ ಮಡಿಕೆಯಿಲ್ಲದ, ತನ್ನ ಕಣ್ಣಿಗೆ ಕಾಣುವ ಜಾಗ ಆರಿಸಬೇಕು. ಹೆಂಗಸರು ಲಂಗದ ಲಾಡಿ ಎಲ್ಲಿ ಬಿಗಿಯುತ್ತಾರೆ, ಗಂಡಸರು ಪಂಚೆ ಎಲ್ಲಿ ಉಡುತ್ತಾರೆ ಎಂಬುದನ್ನೂ ಆಗಲೇ ಹೇಳಿಬಿಡಬೇಕು.