ಪಿಕಾಸಾ ಹೋಯಿತು, ಫೋಟೋ ಉಳಿಯಿತು, ಊರಿನ ಹೆಸರು ಎಲ್ಲಿ?

ನನ್ನ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಒಂದು ವೀರಗಲ್ಲಿನ ಫೋಟೋ ಇದೆ. ಮೂರು ಹಂತದ ಕಲ್ಲು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ. ಕೆಳಗಿನ ಎರಡು ಹಂತಗಳ ಮಧ್ಯೆ ಎರಡು ಸಾಲು ಅಕ್ಷರ. ಸುಣ್ಣ ಬಳಿದು ಬಳಿದು ಅರ್ಧ ಮುಚ್ಚಿಹೋಗಿದೆ. ಫೋಟೋ ಚೆನ್ನಾಗೇ ಬಂದಿದೆ. ಆದರೆ ಆ ಕಲ್ಲು ಯಾವ ಊರಿನದು ಅಂತ ಇವತ್ತು ನನಗೆ ಗೊತ್ತಿಲ್ಲ. ಒಂದು ಕಾಲಕ್ಕೆ ಗೊತ್ತಿತ್ತು. ಪಿಕಾಸಾದಲ್ಲಿ ಬರೆದಿಟ್ಟಿದ್ದೆ.

ಈ ಬ್ಲಾಗಿನಲ್ಲಿ ಸಾಮಾನ್ಯವಾಗಿ ಕಲ್ಲಿನ ಮೇಲಿನ ಬರಹದ ಬಗ್ಗೆ ಬರೆಯುತ್ತೇವೆ. ಈ ಸಲ ಕಲ್ಲಿನ ಫೋಟೋದ ಜೊತೆಗಿರುವ ಬರಹದ ಬಗ್ಗೆ. ನಮ್ಮಲ್ಲಿ ಬಹಳ ಜನರ ಹಳೆಯ ಸಂಗ್ರಹ ಇದೇ ಅಪಾಯದಲ್ಲಿದೆ, ಎಷ್ಟೋ ಜನಕ್ಕೆ ಅದು ಗೊತ್ತೇ ಇಲ್ಲ.

ಎಲ್ಲಾ ಒಂದೇ ಕಡೆ

ಪಿಕಾಸಾವನ್ನು ಮೊದಲು ಮಾಡಿದ್ದು ಲೈಫ್‌ಸ್ಕೇಪ್ ಎಂಬ ಕಂಪನಿ. 2004ರಲ್ಲಿ ಗೂಗಲ್ ಅದನ್ನು ಕೊಂಡು ಎಲ್ಲರಿಗೂ ಉಚಿತವಾಗಿ ಕೊಟ್ಟಿತು. ಡಿಜಿಟಲ್ ಕ್ಯಾಮೆರಾ ಕೈಗೆ ಬಂದ ಹೊತ್ತಿಗೆ ಸರಿಯಾಗಿ ಬಂತು ನೋಡಿ. ಭಾನುವಾರ ಬೆಳಿಗ್ಗೆ ಕೆಂಗೇರಿ ಕಡೆಗೋ ಮಾಗಡಿ ರಸ್ತೆ ಕಡೆಗೋ ಹೋಗಿ ಇನ್ನೂರು ಫೋಟೋ ಹೊತ್ತು ತರುತ್ತಿದ್ದ ಹವ್ಯಾಸಿಗಳಿಗೆ ಅದು ಒಂದು ಪೂರ್ತಿ ಕಚೇರಿಯೇ ಆಗಿತ್ತು. ಕಾರ್ಡಿನಿಂದ ಫೋಟೋ ಇಳಿಸಿಕೊಳ್ಳುವುದು, ತಾರೀಖಿನಂತೆ ಜೋಡಿಸುವುದು, ಒಳ್ಳೆಯದಕ್ಕೆ ನಕ್ಷತ್ರ ಹಾಕುವುದು, ಅಡಿಬರಹ ಬರೆಯುವುದು, ಗೂಗಲ್ ಅರ್ಥ್ ಮೂಲಕ ಜಾಗ ಗುರುತಿಸುವುದು, ವೆಬ್ ಆಲ್ಬಂಗೆ ಏರಿಸಿ ಗೆಳೆಯರಿಗೆ ತೋರಿಸುವುದು, ಎಲ್ಲಾ ಅದರಲ್ಲೇ.

ಶಾಸನದವರಿಗೆ ಇನ್ನೊಂದು ಲಾಭವಿತ್ತು. ಮರದ ನೆರಳಲ್ಲಿ ತೆಗೆದ ಕಲ್ಲಿನ ಫೋಟೋಕ್ಕೆ ‘ಫಿಲ್ ಲೈಟ್’ ಸ್ವಲ್ಪ ಏರಿಸಿ, ಕಪ್ಪುಬಿಳುಪು ಮಾಡಿ, ಶಾರ್ಪ್ ಮಾಡಿದರೆ ಸವೆದ ಅಕ್ಷರ ತುಸು ಎದ್ದು ಬರುತ್ತಿತ್ತು. ಓರೆಯಾಗಿ ನಿಂತ ಕಲ್ಲನ್ನು ಚೌಕಳಿ ಗೆರೆ ನೋಡಿಕೊಂಡು ನೆಟ್ಟಗೆ ಮಾಡಬಹುದಿತ್ತು. ಪಡಿಯಚ್ಚಿಗೆ ಇದು ಸಮ ಅಲ್ಲ, ನಿಜ. ಆದರೆ ಕಾಗದ, ಮಸಿ, ಕುಂಚ ಹೊತ್ತು ಹೋಗಲಾಗದವರಿಗೆ ಅಷ್ಟೇ ಸಾಕಿತ್ತು.

2016ರ ಫೆಬ್ರವರಿ 12ರಂದು ಪ್ರಕಟಣೆ ಬಂತು. ಪಿಕಾಸಾ ನಿಲ್ಲುತ್ತದೆ, ಇನ್ನು ಗೂಗಲ್ ಫೋಟೋಸ್ ಒಂದೇ. ಕಂಪ್ಯೂಟರಿನ ಪಿಕಾಸಾಕ್ಕೆ ಮಾರ್ಚ್ 15ರ ನಂತರ ಬೆಂಬಲ ಇಲ್ಲ, ವೆಬ್ ಆಲ್ಬಂಗಳಿಗೆ ಮೇ 1ರಿಂದ ಬೇರೆ ವ್ಯವಸ್ಥೆ. ಈಗಾಗಲೇ ಹಾಕಿಕೊಂಡವರು ಬಳಸುತ್ತಾ ಇರಬಹುದು, ಹೊಸ ಆವೃತ್ತಿ ಮಾತ್ರ ಬರುವುದಿಲ್ಲ.

ಯಾರು ಯಾವುದಕ್ಕೆ ಮರುಗಿದರು

ಆಗ ಕೇಳಿಬಂದ ಮಾತುಗಳನ್ನು ಈಗ ನೆನೆಸಿಕೊಂಡರೆ ಒಂದು ವಿಷಯ ಕಾಣುತ್ತದೆ. ಎಲ್ಲರೂ ‘ಪಿಕಾಸಾ ಹೋಯ್ತಲ್ಲ’ ಅಂತಲೇ ಅಂದರು, ಆದರೆ ಒಬ್ಬೊಬ್ಬರು ಮರುಗಿದ್ದು ಒಂದೊಂದಕ್ಕೆ.

ಮೊದಲನೆಯ ಗುಂಪಿನವರು ಜಗ್ಗಲಿಲ್ಲ. ‘ಹಳೇ ಇನ್‌ಸ್ಟಾಲರ್ ಪೆನ್‌ಡ್ರೈವ್‌ನಲ್ಲಿ ಇಟ್ಕೊಂಡಿದೀನಿ ಸಾರ್, ನನಗೇನೂ ಆಗಲ್ಲ.’ ಇವರಿಗೆ ಬೇಕಾಗಿದ್ದದ್ದು ಫೋಟೋ ನೋಡುವುದು, ತಿದ್ದುವುದು. ಇಂಟರ್ನೆಟ್ಟಿನ ಹಂಗಿಲ್ಲದ ಆ ಕೆಲಸಗಳು ನಿಜವಾಗಿಯೂ ನಡೆಯುತ್ತಲೇ ಹೋದವು. ವೆಬ್ಬಿಗೆ ಏರಿಸುವಂಥವು ಕ್ರಮೇಣ ನಿಂತವು.

ಎರಡನೆಯವರಿಗೆ ಸಿಟ್ಟು ಬಂತು. ‘ಹತ್ತು ವರ್ಷ ಅಭ್ಯಾಸ ಮಾಡಿಸಿ ಈಗ ಕೈ ಬಿಟ್ರಲ್ಲ.’ ಪುಕ್ಕಟೆ ಸಿಕ್ಕಿದ್ದಕ್ಕೆ ಸಿಟ್ಟೇಕೆ ಅಂತ ಕೇಳಿದವರೂ ಇದ್ದರು. ನನಗೆ ಆ ಸಿಟ್ಟು ಅರ್ಥವಾಗುತ್ತದೆ. ತಂತ್ರಾಂಶ ಪುಕ್ಕಟೆ ಇರಬಹುದು, ಅದರೊಳಗೆ ನಾವು ಹಾಕಿದ ಭಾನುವಾರಗಳು ಪುಕ್ಕಟೆ ಅಲ್ಲ.

ಮೂರನೆಯವರು ಥೇಟ್ ಪಿಕಾಸಾದಂಥದ್ದೇ ಇನ್ನೊಂದು ಬೇಕು ಅಂತ ಹುಡುಕಿದರು. ಅವರಿಗೆ ತೃಪ್ತಿ ಸಿಗಲಿಲ್ಲ. ಒಂದರಲ್ಲಿ ತಿದ್ದುವುದು ಸಲೀಸು, ಇನ್ನೊಂದರಲ್ಲಿ ಜೋಡಿಸುವುದು ಸಲೀಸು. ಎಲ್ಲಾ ಒಂದೇ ಕಡೆ ಸಿಗುವ ಸುಖ ಮಾತ್ರ ಇಲ್ಲ.

ನಾಲ್ಕನೆಯವರು ಹೇಳಿದಂತೆ ಗೂಗಲ್ ಫೋಟೋಸ್‌ಗೆ ಹೋದರು, ಮರೆತರು.

ನಾನು ಯಾವ ಗುಂಪಿನಲ್ಲೂ ಇರಲಿಲ್ಲ. ‘ಫೋಟೋ ಹೇಗೂ ನನ್ನ ಕಂಪ್ಯೂಟರಿನಲ್ಲೇ ಇದೆ, ಏನು ಹೋಗುತ್ತೆ?’ ಅಂದುಕೊಂಡು ಸುಮ್ಮನಿದ್ದೆ. ಎಲ್ಲಕ್ಕಿಂತ ದೊಡ್ಡ ತಪ್ಪು ಇದೇ ಆಯಿತು.

ಯಾವುದು ಎಲ್ಲಿ ಇರುತ್ತಿತ್ತು

ಪಿಕಾಸಾದ ಪರದೆಯ ಮೇಲೆ ಫೋಟೋ, ಅಡಿಬರಹ, ನಕ್ಷತ್ರ, ಆಲ್ಬಂ ಎಲ್ಲವೂ ಒಟ್ಟಿಗೆ ಕಾಣುತ್ತಿದ್ದವು. ಡಿಸ್ಕಿನ ಮೇಲೆ ಒಟ್ಟಿಗೆ ಇರಲಿಲ್ಲ.

ಜೆಪಿಜಿ ಫೋಟೋಕ್ಕೆ ಬರೆದ ಅಡಿಬರಹ ಆ ಫೋಟೋದ ಕಡತದ ಒಳಗೇ ಸೇರುತ್ತಿತ್ತು. ಇದು ಒಳ್ಳೆಯ ಸುದ್ದಿ. ಆ ಫೋಟೋ ಎಲ್ಲಿಗೆ ಹೋದರೂ ಬರಹ ಜೊತೆಗೆ ಹೋಗುತ್ತದೆ. ಗೂಗಲ್ ಅರ್ಥ್ ಮೂಲಕ ಹಾಕಿದ ಜಾಗದ ಗುರುತೂ ಹಾಗೇ ಒಳಗೆ ಸೇರುತ್ತಿತ್ತು.

ಪಿಎನ್‌ಜಿಯಂಥ ಬೇರೆ ಬಗೆಯ ಕಡತಗಳಿಗೆ ಬರೆದದ್ದು ಒಳಗೆ ಸೇರುತ್ತಿರಲಿಲ್ಲ. ಪಡಿಯಚ್ಚನ್ನು ಸ್ಕ್ಯಾನ್ ಮಾಡಿ ಪಿಎನ್‌ಜಿ ಇಟ್ಟವರು ಇಲ್ಲಿ ಎಚ್ಚರವಾಗಬೇಕು. ಆ ಬರಹ ಹೋಗುತ್ತಿದ್ದದ್ದು ಪ್ರತಿ ಫೋಲ್ಡರಿನಲ್ಲೂ ಪಿಕಾಸಾ ತಾನೇ ಮಾಡಿಡುತ್ತಿದ್ದ ‘ಪಿಕಾಸಾ ಡಾಟ್ ಐಎನ್‌ಐ’ ಎಂಬ ಚಿಕ್ಕ ಕಡತಕ್ಕೆ. ವಿಂಡೋಸಿನಲ್ಲಿ ಅದು ಮರೆಯಾಗಿ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ನಕ್ಷತ್ರ, ಫೋಟೋ ಯಾವ ಆಲ್ಬಮ್ಮಿಗೆ ಸೇರಿದ್ದು, ಎಲ್ಲಿಂದ ಎಲ್ಲಿಗೆ ಕತ್ತರಿಸಿದ್ದು ಎಂಬುದೂ ಅಲ್ಲೇ.

ಆಲ್ಬಂ ಅನ್ನುವುದು ಫೋಲ್ಡರ್ ಅಲ್ಲ, ಬರೀ ಪಟ್ಟಿ. ಆ ಪಟ್ಟಿ ಇದ್ದದ್ದು ಕಂಪ್ಯೂಟರಿನ ‘ಸಿ’ ಡ್ರೈವಿನಲ್ಲಿ ಪಿಕಾಸಾ ಇಟ್ಟುಕೊಂಡ ತನ್ನ ದತ್ತಕೋಶದಲ್ಲಿ. ಫಾರ್ಮ್ಯಾಟ್ ಮಾಡಿದರೆ ಹೋಯಿತು.

ತಿದ್ದಿದ್ದೂ ಹಾಗೇ. ‘ಸೇವ್’ ಒತ್ತುವವರೆಗೆ ಮೂಲ ಫೋಟೋ ಮುಟ್ಟದೆ ಇರುತ್ತಿತ್ತು. ತಿದ್ದುಪಡಿ ಬರೀ ಸೂಚನೆಯಾಗಿ ಐಎನ್‌ಐ ಕಡತದಲ್ಲಿ. ಸೇವ್ ಒತ್ತಿದರೆ ಮೂಲವು ಅದೇ ಫೋಲ್ಡರಿನೊಳಗೆ ‘ಪಿಕಾಸಾ ಒರಿಜಿನಲ್ಸ್’ ಎಂಬ ಮರೆಯ ಫೋಲ್ಡರಿಗೆ ಸೇರುತ್ತಿತ್ತು.

ಈಗ ನನ್ನ ವೀರಗಲ್ಲಿನ ಕಥೆ ಗೊತ್ತಾಗುತ್ತದೆ. ಫೋಟೋಕ್ಕೆ ನಾನು ಅಡಿಬರಹ ಬರೆದಿರಲಿಲ್ಲ, ಊರಿನ ಹೆಸರಿನ ಆಲ್ಬಮ್ಮಿಗೆ ಸೇರಿಸಿದ್ದೆ. ಅಕ್ಷರದ ಭಾಗ ಮಾತ್ರ ಉಳಿಯುವಂತೆ ಕತ್ತರಿಸಿ ಸೇವ್ ಮಾಡಿದ್ದೆ. ಆಮೇಲೆ ಹೊಸ ಡಿಸ್ಕಿಗೆ ಸಾಗಿಸುವಾಗ ಫೋಲ್ಡರ್ ಪೂರ್ತಿ ಎತ್ತದೆ, ಒಳಗೆ ಹೋಗಿ ಕಣ್ಣಿಗೆ ಕಂಡ ಫೋಟೋಗಳನ್ನು ಮಾತ್ರ ಆರಿಸಿ ನಕಲು ಮಾಡಿದೆ. ಹಳೆಯ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದೆ. ಪಟ್ಟಿಯೂ ಹೋಯಿತು, ಐಎನ್‌ಐಯೂ ಹೋಯಿತು, ಮೂಲವೂ ಹೋಯಿತು. ತಪ್ಪು ಪೂರ್ತಿ ನನ್ನದೇ.

ಅದೃಷ್ಟಕ್ಕೆ ಕ್ಯಾಮೆರಾದಿಂದ ನೇರವಾಗಿ ಬರೆದಿಟ್ಟ ಒಂದು ಡಿವಿಡಿ ಅಲಮಾರಿನಲ್ಲಿ ಸಿಕ್ಕಿತು. ಅದರಲ್ಲಿ ಕತ್ತರಿಸದ ಫೋಟೋ ಇದೆ. ಕಲ್ಲಿನ ಹಿಂದೆ ಒಂದು ಗೋಡೆ, ಗೋಡೆಯ ಮೇಲೆ ಬೋರ್ಡಿನ ತುದಿ, ತುದಿಯಲ್ಲಿ ‘ಹಳ್ಳಿ’ ಅಂತ ಎರಡಕ್ಷರ. ನಮ್ಮ ಕಡೆ ಇದರಿಂದ ಏನು ಉಪಯೋಗ ಹೇಳಿ! ರಾಜಾಜಿನಗರದಲ್ಲಿ ಕೇತಮಾರನಹಳ್ಳಿ, ಬಸವೇಶ್ವರನಗರದಲ್ಲಿ ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ವಿಜಯನಗರದಲ್ಲಿ ಹೊಸಹಳ್ಳಿ, ಕೆಂಗೇರಿ ಪಕ್ಕ ವಳಗೇರಹಳ್ಳಿ. ಬಡಾವಣೆಗಳ ಹೊಟ್ಟೆಯಲ್ಲಿ ಎಲ್ಲಾ ಹಳ್ಳಿಗಳೇ. ಅದೇ ಬೆಳಿಗ್ಗೆ ತೆಗೆದ ಹಿಂದಿನ ಮುಂದಿನ ಫೋಟೋಗಳನ್ನು ಕ್ರಮಸಂಖ್ಯೆ ಹಿಡಿದು ನೋಡಿದೆ. ಹಿಂದಿನದು ಕೆಂಗೇರಿ ಕಡೆಯ ರಸ್ತೆ. ಮುಂದಿನದು ಇಲ್ಲ, ಬ್ಯಾಟರಿ ಮುಗಿದಿರಬೇಕು.

ಇದು ಬರೀ ನೆನಪಿನ ನಷ್ಟ ಅಲ್ಲ. ನಗರ ಬೆಳೆಯುವ ಕಡೆ ರಸ್ತೆ ಅಗಲ ಮಾಡುವಾಗ, ಗುಡಿ ಹೊಸದಾಗಿ ಕಟ್ಟುವಾಗ ಕಲ್ಲುಗಳು ಜಾಗ ಬಿಡುತ್ತವೆ, ಕೆಲವು ಅಡಿಪಾಯಕ್ಕೇ ಹೋಗುತ್ತವೆ. ಆಗ ಫೋಟೋ ಒಂದೇ ಸಾಕ್ಷಿ. ಊರು ಗೊತ್ತಿಲ್ಲದ ಸಾಕ್ಷಿಯನ್ನು ಯಾರೂ ಬಳಸಲಾರರು.

ಎರಡನೆಯ ಸಲ

ನಾಲ್ಕನೆಯ ಗುಂಪಿನವರ ವಿಷಯ ಬಾಕಿ ಇದೆ. ವೆಬ್ ಆಲ್ಬಂಗಳ ಟಿಪ್ಪಣಿ, ಗೆಳೆಯರು ಕೆಳಗೆ ಬರೆದ ಮಾತುಗಳು 2016ರ ನಂತರ ‘ಆಲ್ಬಂ ಆರ್ಕೈವ್’ ಎಂಬಲ್ಲಿ ಓದಲು ಸಿಗುತ್ತಿದ್ದವು. ಶಾಸನದ ಫೋಟೋ ಕೆಳಗೆ ‘ಮೂರನೇ ಸಾಲಿನಲ್ಲಿ ಅದು ಗ ಅಲ್ಲ, ಸ ಇರಬಹುದು’ ಅಂತ ಯಾರೋ ಬರೆದಿದ್ದರೆ, ಅದೂ ಒಂದು ಪಾಠಾಂತರವೇ. 2023ರ ಜುಲೈ 19ರಂದು ಆ ಆರ್ಕೈವ್ ಕೂಡ ಮುಚ್ಚಿತು. ಅಷ್ಟರೊಳಗೆ ಇಳಿಸಿಕೊಳ್ಳಿ ಅಂತ ಸೂಚನೆ ಇತ್ತು, ಆದರೆ ಅಷ್ಟು ಹೊತ್ತಿಗೆ ಎಷ್ಟೋ ಜನ ಹಳೆಯ ಆಲ್ಬಮ್ಮನ್ನೇ ಮರೆತಿದ್ದರು.

ಈಗಿನ ಬಲೆಯೂ ಅಂಥದ್ದೇ. ಗೂಗಲ್ ಫೋಟೋಸ್‌ನಲ್ಲಿ ಬರೆದ ವಿವರಣೆ ಫೋಟೋದ ಕಡತದೊಳಗೆ ಸೇರುವುದಿಲ್ಲ. ‘ಟೇಕ್‌ಔಟ್’ ಮೂಲಕ ಎಲ್ಲಾ ಇಳಿಸಿಕೊಂಡರೆ ಪಕ್ಕದಲ್ಲಿ ಬೇರೆ ಜೇಸನ್ ಕಡತವಾಗಿ ಬರುತ್ತದೆ. ಅದನ್ನು ಕಸ ಅಂತ ಅಳಿಸಬೇಡಿ. ವಾಟ್ಸಾಪಿನಲ್ಲಿ ಫೋಟೋವಾಗಿ ಕಳಿಸಿದರೆ ಒಳಗಿನ ಬರಹ, ಜಾಗದ ಗುರುತು ಎರಡೂ ಕಳಚಿಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿ.

ಈ ವಾರ ಮಾಡಬಹುದಾದದ್ದು

ಹಳೆಯ ಡಿಸ್ಕು ತೆಗೆದು, ವಿಂಡೋಸಿನಲ್ಲಿ ಮರೆಯ ಕಡತಗಳು ಕಾಣುವಂತೆ ಮಾಡಿಕೊಳ್ಳಿ. ನಕಲು ಮಾಡುವಾಗ ಫೋಲ್ಡರನ್ನೇ ಪೂರ್ತಿ ಎತ್ತಿ. ಐಎನ್‌ಐ ಕಡತ ಸಿಕ್ಕರೆ ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಪ್ರತಿ ಫೋಟೋದ ಹೆಸರು, ಅದರ ಕೆಳಗೆ ಅದರ ವಿವರ, ಸರಳ ಸಾಲುಗಳಲ್ಲಿ ಇರುತ್ತದೆ. ಆಲ್ಬಮ್ಮಿನ ಹೆಸರೂ ಅಲ್ಲೇ ಸಿಗುತ್ತದೆ.

ಜೆಪಿಜಿಯೊಳಗಿನ ಅಡಿಬರಹಗಳನ್ನು ‘ಎಕ್ಸಿಫ್‌ಟೂಲ್’ ಎಂಬ ಉಚಿತ ಸಾಧನ ಒಂದೇ ಸಲಕ್ಕೆ ಪಟ್ಟಿ ಮಾಡಿ ಸ್ಪ್ರೆಡ್‌ಶೀಟಿಗೆ ಕೊಡುತ್ತದೆ. ಪಿಕಾಸಾಕ್ಕೆ ಬದಲಿ ಬೇಕೆಂದರೆ ‘ಡಿಜಿಕ್ಯಾಮ್’ ನೋಡಿ. ಕಲಿಯಲು ಸ್ವಲ್ಪ ತಾಳ್ಮೆ ಬೇಕು, ಆದರೆ ಮುಕ್ತ ತಂತ್ರಾಂಶ, ಬರೆದದ್ದನ್ನು ಫೋಟೋದೊಳಗೇ ಸೇರಿಸುವ ಆಯ್ಕೆ ಇದೆ.

ಅಡಿಬರಹವನ್ನು ಯುನಿಕೋಡಿನಲ್ಲೇ ಬರೆಯಿರಿ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಎಸೆಯಬೇಡಿ, ಯುನಿಕೋಡಿಗೆ ಪರಿವರ್ತಿಸಬಹುದು. ಇನ್ನು ಕಡತದ ಹೆಸರಿನಲ್ಲೇ ಊರು, ಜಾಗ, ತಾರೀಖು ಇರಲಿ. ಯಾವ ತಂತ್ರಾಂಶ ಮುಚ್ಚಿದರೂ ಕಡತದ ಹೆಸರನ್ನು ಓದಬಹುದು.

ಇದನ್ನು ನಮಗೆ ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟ, ಬೆಂಗಳೂರು ಜಿಲ್ಲೆಯದು, 1905ರಲ್ಲಿ ಬಂತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಸಂಪುಟಗಳನ್ನು ತರತೊಡಗಿದಾಗ ಶಾಸನಗಳ ಸಂಖ್ಯೆಗಳೇ ಬದಲಾದವು. ಆದರೂ ಯಾವ ಶಾಸನವೂ ಕಳೆದುಹೋಗಲಿಲ್ಲ. ಯಾಕೆ? ಪ್ರತಿ ಪಾಠದ ನೆತ್ತಿಯ ಮೇಲೆ ಊರು ಯಾವುದು, ಕಲ್ಲು ಎಲ್ಲಿದೆ ಅಂತ ಅಚ್ಚಾಗಿದೆ: ಇಂಥ ಊರಿನ ಇಂಥ ಗುಡಿಯ ಮುಂದೆ, ಇಂಥವರ ಹೊಲದಲ್ಲಿ. ಸಂಖ್ಯೆ ಸಂಪುಟದ್ದು, ಜಾಗ ಕಲ್ಲಿನದು. ನಮ್ಮ ಫೋಟೋಗೂ ಅದೇ ಲೆಕ್ಕ: ಆಲ್ಬಂ ತಂತ್ರಾಂಶದ್ದು, ಊರಿನ ಹೆಸರು ಫೋಟೋದ್ದು.

ನನ್ನ ವೀರಗಲ್ಲಿನ ಕಡತಕ್ಕೆ ಈಗ ಹೊಸ ಹೆಸರು ಇಟ್ಟಿದ್ದೇನೆ: ‘ಕೆಂಗೇರಿ ಕಡೆ, ಹಳ್ಳಿ ಗೊತ್ತಿಲ್ಲ, ಗೋಡೆ ಪಕ್ಕ’. ಮುಂದಿನ ಭಾನುವಾರ ವಳಗೇರಹಳ್ಳಿಯಿಂದ ಹುಡುಕಲು ಶುರು ಮಾಡುತ್ತೇನೆ. ಗೋಡೆ ಇನ್ನೂ ಇರಬೇಕಷ್ಟೇ.