ಸುರಪುರದ ಆಯಿಯ ಹಿತ್ತಲು

ತರಕಾರಿ ಬೆಳೆಯುತ್ತಿದ್ದ ಜಾಗಕ್ಕೂ ಅಡಿಕೆ ಸಸಿ ಇಟ್ಟು, ಸೊಪ್ಪನ್ನು ಪೇಟೆಯಿಂದ ತರುವ ಮನೆಗಳು ನಮ್ಮ ಸಂಘದ ವ್ಯಾಪ್ತಿಯಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಅಂಥ ಮನೆ ಕಂಡಾಗಲೆಲ್ಲ ನನಗೆ ಸುರಪುರದ ಆಯಿ ನೆನಪಾಗುತ್ತಾಳೆ. ಆಯಿ ಎಂದರೆ ಆ ಕಡೆ ಅಜ್ಜಿ. ನಮ್ಮ ತಂದೆಯವರು ಕೆಲಕಾಲ ಅಲ್ಲಿ ಶಿಕ್ಷಕರಾಗಿದ್ದಾಗ ಆ ಊರಿನ ಸಂಬಂಧ ಕೂಡಿಬಂತು. ಹೀಗಾಗಿ ಮಲೆನಾಡಿನವನಾದ ನನಗೆ ಬೇಸಿಗೆ ರಜೆ ಎಂದರೆ ಯಾದಗಿರಿ, ಶಹಾಪುರಗಳ ಬಿಸಿಲು.

ಸುರಪುರ ಗುಡ್ಡಗಳ ನಡುವಿನ ಊರು, ನಾಯಕ ಅರಸರ ರಾಜಧಾನಿ. 1841ರಿಂದ 1853ರವರೆಗೆ ಅಲ್ಲಿದ್ದ ಮೆಡೋಸ್ ಟೇಲರ್ ಸಾಹೇಬರನ್ನು ಬಾಲಕ ರಾಜ ವೆಂಕಟಪ್ಪ ನಾಯಕ 'ಅಪ್ಪ' ಎಂದೇ ಕರೆಯುತ್ತಿದ್ದ. ಟೇಲರ್ ಮಂಜಿಲ್ ಕಡೆ ಕೈ ತೋರಿಸಿ ಆಯಿ ಈ ಕಥೆಯನ್ನು ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ.

ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿ.ಮೀ. ನಮ್ಮಲ್ಲಿ ಆಷಾಢ ಒಂದೇ ಅದನ್ನು ಮೀರಿಸುತ್ತದೆ! ಆದರೂ ಆಯಿಯ ಹಿತ್ತಲು ಬಾಡಿದ್ದನ್ನು ನಾನು ಕಾಣಲಿಲ್ಲ. ಬಚ್ಚಲ ನೀರು ಮೊದಲು ನುಗ್ಗೆಯ ಬುಡಕ್ಕೆ, ಅಲ್ಲಿಂದ ಲಿಂಬೆಗೆ, ಕೊನೆಗೆ ಪುಂಡಿ ಸೊಪ್ಪಿನ ಪಾತಿಗೆ. ಬೂದಿಯಲ್ಲಿ ಪಾತ್ರೆ ತಿಕ್ಕುವ ಕಾಲವಾದ್ದರಿಂದ ಆ ನೀರೂ ಹೀರೆಬಳ್ಳಿಗೆ. ಅಂಗಳದಲ್ಲಿ ಯಾರಾದರೂ ಕಾಲು ತೊಳೆದರೆ, "ಗಿಡದ ಬುಡಕ್ಕ ನಿಂತು ತೊಳಕೋರಿ, ನಿಮ್ಮ ಕಾಲೂ ಸ್ವಚ್ಛ ಆಗ್ತಾವ, ಅದಕ್ಕೂ ನೀರು ಆಗ್ತದ" ಎನ್ನುತ್ತಿದ್ದಳು.

ಬೆಳಿಗ್ಗೆ ರೊಟ್ಟಿ ಬಡಿಯುವ ಸಪ್ಪಳಕ್ಕೇ ಎಚ್ಚರ. ಬಿಸಿ ಜೋಳದ ರೊಟ್ಟಿ, ಹುಳಿಹುಳಿ ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೊಂದು ಸೌಟು ಕೆನೆಮೊಸರು. ಸಂಜೆ ಮಾಳಿಗೆಗೆ ನೀರು ಚಿಮುಕಿಸಿ ಚಾಪೆ ಹಾಸಿದರೆ ಆಕಾಶವೇ ಹೊದಿಕೆ. ನಾವು ಒಯ್ದ ಅಡಿಕೆಯನ್ನು ಆಯಿ ಅಡಕತ್ತರಿಯಲ್ಲಿ ಸಣ್ಣಗೆ ಕತ್ತರಿಸುತ್ತಾ, "ಇದರ ಗಿಡಾನ ನಾ ನೋಡಿಲ್ಲ ನೋಡಪಾ" ಎನ್ನುವಳು. ಕೊನೆಗೂ ನೋಡಲಿಲ್ಲ. ಹಿತ್ತಲು ಬಿಟ್ಟು ಬರಲು ಅವಳಿಗೆ ಮನಸ್ಸೇ ಆಗಲಿಲ್ಲ.

1982ರಲ್ಲಿ ನಾರಾಯಣಪುರ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆಯ ನೀರು ಹರಿದು, ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಕಾಲುವೆಯನ್ನು ನಾನು ಹಳಿಯಲಾರೆ. ಗುಳೆ ಹೋಗುತ್ತಿದ್ದ ಎಷ್ಟೋ ಮನೆಗಳಿಗೆ ಅದು ಅನ್ನ ಕೊಟ್ಟಿತು. ಆದರೆ ನಮ್ಮ ಸೋದರಮಾವ ಹಿತ್ತಲು ಕಿತ್ತು ಭತ್ತದ ಚೀಲಕ್ಕೆ ಕೋಣೆ ಕಟ್ಟಿಸಲು ಹೊರಟಾಗ ಆಯಿ ಕೇಳಿದ್ದು ಒಂದೇ ಮಾತು: "ಭತ್ತಕ್ಕ ಮನಿ ಕಟ್ಟತಿ, ಪುಂಡಿಗೆ ಎಲ್ಲಿ ಕಟ್ಟತಿ?" ಕೋಣೆ ದನದ ಕೊಟ್ಟಿಗೆಯ ಪಕ್ಕಕ್ಕೆ ಹೋಯಿತು. ಮುಂದೆ, ಅತಿಯಾಗಿ ನೀರು ನಿಂತ ತಗ್ಗಿನ ಹೊಲಗಳು ಸವಳು-ಜವಳಾದವು; ಮಾವನ ಎರಡು ಎಕರೆಯೂ ಅದರಲ್ಲಿ ಸೇರಿತು. ಆ ವರ್ಷಗಳಲ್ಲಿ ಮನೆಯ ಪಲ್ಯಕ್ಕೆ ಮಾತ್ರ ಒಂದು ದಿನವೂ ಕೊರತೆಯಾಗಲಿಲ್ಲ.

ಆಯಿ ತೀರಿಕೊಂಡದ್ದು 1998ರಲ್ಲಿ. ಆ ಹಿತ್ತಲಿನ ಪುಂಡಿ ಬೀಜ ಈಗ ನನ್ನ ಮನೆಯ ಬಚ್ಚಲ ಮೋರಿಯ ಪಕ್ಕದಲ್ಲಿದೆ. ನಮ್ಮ ಮಳೆಗಾಲಕ್ಕೆ ಅದರ ಬುಡ ಕೊಳೆಯುತ್ತದೆ. ಮಾಘದಲ್ಲಿ ಏರುಪಾತಿ ಮಾಡಿ ಬಿತ್ತಿದರೆ ಮಳೆ ಹಿಡಿಯುವವರೆಗೆ ಸೊಪ್ಪು ಕೊಡುತ್ತದೆ. ತುದಿ ಚಿವುಟುತ್ತಿದ್ದಷ್ಟೂ ಕವಲೊಡೆಯುತ್ತದೆ. ನಾಲ್ಕು ಮೊಳ ಜಾಗ ಸಾಕು. ಬೀಜ ಬೇಕಾದ ಸದಸ್ಯರು ಸಂಘದ ಕಚೇರಿಗೆ ಬಂದಾಗ ನನ್ನನ್ನು ಕೇಳಬಹುದು. ಒಂದೊಂದು ಹಿಡಿ ಪೊಟ್ಟಣ ಕಟ್ಟಿಟ್ಟಿದ್ದೇನೆ.